ನಾನು ಕೂಗಿದ ಅಳತೆ

ಮನುಷ್ಯ ದೇಹವು ಸೃಷ್ಟಿಯ ಪರಮಾದ್ಭುತವೆಂದು ಬಲ್ಲವರು ಗಂಭೀರವಾಗಿ ಹೇಳುತ್ತಾರೆ. ಆ ಬಲ್ಲವರಲ್ಲಿ ಯಾರೂ ಎರಡು ದಿನಗಳಲ್ಲಿ ಮುನ್ನೂರ ಎಂಬತ್ತಾರು ಮಕ್ಕಳಿಗೆ ಯೂನಿಫಾರ್ಮಿನ ಅಳತೆ ತೆಗೆದವರಲ್ಲ. ತೆಗೆದವನು ನಾನು. ನನಗೆ ಕಂಡದ್ದು ಬೆವರು, ಪುಳಿಯೋಗರೆ ಡಬ್ಬಿಯ ವಾಸನೆ, ಮತ್ತು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ಉಸಿರು ಬಿಗಿಹಿಡಿದು ನಿಂತ ಮಕ್ಕಳ ಸಾಲು.

ಉಸಿರು ಹಿಡಿಯುವ ಈ ವಿದ್ಯೆ ಇತ್ತೀಚಿನದು. ಮೊದಲೆಲ್ಲ ಅಳತೆಗೆ ಬಂದ ಮಕ್ಕಳು ಗೋಣಿಚೀಲದ ಹಾಗೆ ಸಡಿಲವಾಗಿ ನಿಲ್ಲುತ್ತಿದ್ದರು. ಪಕ್ಕದಲ್ಲಿದ್ದ ತಾಯಿ, "ಲೂಸಾಗೇ ಇರ್ಲಿ ಮಾಸ್ಟ್ರೇ, ಎರಡು ವರ್ಷ ಬರ್ಬೇಕು" ಎಂದು ತೀರ್ಪು ಕೊಡುತ್ತಿದ್ದಳು. ಈಗ ಎಂಟನೇ ಕ್ಲಾಸಿನ ಹುಡುಗಿ ಟೇಪು ಕಂಡೊಡನೆ ಶ್ವಾಸ ನಿಲ್ಲಿಸುತ್ತಾಳೆ. ಹುಡುಗರು ಎದೆಯುಬ್ಬಿಸುತ್ತಾರೆ, ಕೆಲವರು ಶರ್ಟಿನೊಳಗೆ ಎರಡು ಬನಿಯನ್ ಹಾಕಿಕೊಂಡು ಬರುತ್ತಾರೆ. ಇದಕ್ಕೆ ನಮ್ಮಲ್ಲೊಂದು ಉಪಾಯವಿದೆ. ಟೇಪು ಸುತ್ತಿದ ಕೂಡಲೇ ಅಂಕಿ ನೋಡಬಾರದು, "ನಿಮ್ಮ ಸ್ಕೂಲ್ ಬಸ್ ನಂಬರ್ ಎಷ್ಟಮ್ಮ?" ಎಂದು ಕೇಳಬೇಕು. ಉತ್ತರ ಹೇಳಲು ಬಾಯಿ ತೆರೆದರೆ ಉಸಿರು ಹೊರಗೆ ಬರಲೇಬೇಕು. ಆಗ ಕಂಡ ಅಂಕಿಯೇ ನಿಜ. ಇಷ್ಟೆಲ್ಲ ಹೊಂಚು ಹಾಕಿ ಹಿಡಿದ ನಿಜವನ್ನು ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿದೆ.

ನನ್ನ ಅಂಗಡಿ ಬನಶಂಕರಿ ಎರಡನೇ ಹಂತದಲ್ಲಿದೆ. ನಾಲ್ಕು ಮೆಷಿನ್ನು, ಬಟ್ಟೆಯ ಅಂಚು ಹೊಲಿಯಲು ಒಂದು ಓವರ್‌ಲಾಕು, ಮಧ್ಯದಲ್ಲಿ ಮದುವೆ ಮಂಟಪದಷ್ಟು ದೊಡ್ಡ ಕಟಿಂಗ್ ಟೇಬಲ್ಲು. ಹೆಣ್ಣುಮಕ್ಕಳ ಅಳತೆಗೆ ಹಾವೇರಿ ಕಡೆಯ ಒಬ್ಬ ಹೆಂಗಸು ಇದ್ದಾರೆ. ಗಂಡನ ಕೆಲಸಕ್ಕೆಂದು ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾರೆ. ಆರು ವರ್ಷದಿಂದ ನಮ್ಮಲ್ಲಿ ಟೈಲರ್. ಎಲ್ಲರಿಗೂ ಅವರು ಅಕ್ಕ. ಇಪ್ಪತ್ತು ವರ್ಷ ಹಿರಿಯನಾದ ನಾನೂ ಅಕ್ಕ ಎನ್ನುತ್ತೇನೆ. ಅವರು ಹೊಲಿದ ಕಾಲರ್ ನೋಡಿದವರೆಲ್ಲ ಹಾಗೇ ಎನ್ನುತ್ತಾರೆ.

ಆ ಜೂನ್ ತಿಂಗಳಲ್ಲಿ ನಾವು ಬಹಳ ಕಾಲದಿಂದ ಹೊಲಿದುಕೊಡುತ್ತಿದ್ದ ಒಂದು ಖಾಸಗಿ ಶಾಲೆ ಯೂನಿಫಾರ್ಮ್ ಬದಲಿಸಿತು. ಎಂಟರಿಂದ ಹತ್ತನೇ ತರಗತಿಯವರೆಗೆ ಹುಡುಗ ಹುಡುಗಿಯರಿಗೆಲ್ಲ ಪ್ಯಾಂಟು, ಒಳಗೆ ತುರುಕಿದ ಶರ್ಟು, ಅದರ ಮೇಲೆ ಸೊಂಟ ಹಿಡಿದು ಕೂರುವ ವೇಸ್ಟ್‌ಕೋಟು. ಆಗಸ್ಟ್ ಹದಿನೈದರ ಪೆರೇಡಿಗೆ ಸಿದ್ಧವಾಗಬೇಕು. "ಸ್ಮಾರ್ಟಾಗಿ, ಸ್ಲಿಮ್ ಆಗಿ ಕಾಣ್ಬೇಕು ಸರ್" ಎಂದರು ಪ್ರಿನ್ಸಿಪಾಲ್ ಮೇಡಂ. ಮಕ್ಕಳು ಮಕ್ಕಳ ಹಾಗೆ ಕಾಣುವುದರಲ್ಲಿ ಏನು ತೊಂದರೆಯೆಂದು ನಾನು ಕೇಳಲಿಲ್ಲ. ಅಳತೆಯ ದಿನ ಗೊತ್ತು ಮಾಡಿ ಬಂದೆ.

ಶಾಲೆಯಲ್ಲಿ ಅಳತೆ ತೆಗೆಯುವುದಕ್ಕೆ ನನ್ನದೊಂದು ಪದ್ಧತಿಯಿತ್ತು. ಅದರ ಮೂಲ ಒಂದು ಅವಮಾನ. ಹಿಂದೊಮ್ಮೆ ಪುಸ್ತಕದಲ್ಲಿ ಬರೆಯುವಾಗ ನನ್ನ ಕೈ ಒಂದು ಸಾಲು ಕೆಳಗೆ ಜಾರಿತು. ಏಳನೇ ರೋಲ್ ನಂಬರಿನಿಂದ ಮುಂದಕ್ಕೆ ಇಡೀ ಕ್ಲಾಸು ಪಕ್ಕದವರ ಬಟ್ಟೆ ಹಾಕಿಕೊಂಡು ಪ್ರಾರ್ಥನೆಗೆ ನಿಂತಿತು. ಆವತ್ತಿನಿಂದ ಟೇಪು ಹಿಡಿದವರು ಅಳತೆ ಕೂಗಬೇಕು, ಬರೆಯುವವರು ರೋಲ್ ನಂಬರು, ಹೆಸರು, ಅಳತೆ ಮೂರನ್ನೂ ಗಟ್ಟಿಯಾಗಿ ತಿರುಗಿ ಕೂಗಿ ಬರೆಯಬೇಕು. ಒಂದು ಸಾಲೂ ತಪ್ಪುವಂತಿಲ್ಲ. ಈ ಪದ್ಧತಿಯ ಬಗ್ಗೆ ನನಗಿದ್ದ ಹೆಮ್ಮೆಯನ್ನು ಇಲ್ಲಿ ವರ್ಣಿಸಿದರೆ ಓದುಗರಿಗೆ ವಾಕರಿಕೆ ಬಂದೀತು. ನನಗೆ ಈಗ ಬರುತ್ತದೆ.

ಹುಡುಗಿಯರ ದಿನ ಶಾಲೆಯ ಹಾಲ್‌ನಲ್ಲಿ ಅಕ್ಕ ಪರದೆ ಕಟ್ಟಿಸಿದರು. ಅವರು ಒಳಗೆ, ನಾನು ಹೊರಗೆ ಮೇಜಿನ ಮುಂದೆ, ಸಾಲು ನನ್ನ ಎದುರಿಗೆ. ಒಳಗಿನಿಂದ ಅವರು ಮೆಲ್ಲನೆ ಸಂಖ್ಯೆ ಹೇಳುವುದು, ಹೊರಗೆ ನಾನು ದೇವಸ್ಥಾನದ ಹರಾಜಿನಂತೆ ಕೂಗುವುದು. ಮರ್ಯಾದೆಗೆಂದು ಪರದೆ ಕಟ್ಟಿ, ಅದರ ಪಕ್ಕದಲ್ಲೇ ಮೈಕು ಇಟ್ಟ ಹಾಗಿತ್ತೆಂದು ಆಗ ನನಗೆ ಹೊಳೆಯಲಿಲ್ಲ. ಇದು ಸಾಲದೆಂದು ಶಾಲೆಯವರು ಒಬ್ಬ ಹತ್ತನೇ ಕ್ಲಾಸಿನ ಹುಡುಗನ ಕೈಗೆ ಫೋನು ಕೊಟ್ಟು, ಶಾಲೆಯ ಪೇಜಿಗೆ ವಿಡಿಯೋ ಮಾಡು ಎಂದಿದ್ದರು. ಹೊಸ ಯೂನಿಫಾರ್ಮು, ಹೊಸ ಲುಕ್ಕು ಅಂತೇನೋ. ಅವನು ಫೋನು ನನ್ನತ್ತ ಹಿಡಿದಾಗ ನಾನು ಕನ್ನಡಕ ಸರಿಮಾಡಿಕೊಂಡು ಧ್ವನಿಯನ್ನು ಇನ್ನೊಂದು ಮೆಟ್ಟಿಲು ಏರಿಸಿದೆ. ಅರವತ್ತಮೂರು ವರ್ಷದವನಿಗೂ ಕ್ಯಾಮೆರಾ ಕಂಡರೆ ಏನೋ ಆಗುತ್ತದೆ.

ಆ ಸಾಲಿನಲ್ಲಿದ್ದ ಒಬ್ಬ ಹುಡುಗಿ ನೆನಪಿದ್ದಾಳೆ. ಒಂಬತ್ತನೇ ಕ್ಲಾಸು. ತನ್ನ ಸರದಿ ಬರುವ ತನಕ ನನ್ನ ಮೇಜಿನ ಅಂಚಿನಲ್ಲಿ ಎರಡು ಪೆನ್ಸಿಲು ಹಿಡಿದು ಟಕ್ಕಟಕ ಬಾರಿಸುತ್ತಿದ್ದಳು.

"ಏನಮ್ಮ, ಮೇಜು ಕೇಳಿತಾ ಅದನ್ನ?"

"ಸಾರಿ ಅಂಕಲ್. ಬ್ಯಾಂಡಲ್ಲಿ ಡ್ರಮ್ ನಂದು. ಕೈ ಸುಮ್ನಿರಲ್ಲ."

"ಬಾರಿಸು ಬಾರಿಸು. ನಂದೇನು ಹೋಗ್ಬೇಕು, ಮೇಜು ಸ್ಕೂಲಿಂದು."

ಅವಳು ನಕ್ಕು ಪರದೆಯೊಳಗೆ ಹೋದಳು. ನಾನು ಅವಳ ರೋಲ್ ನಂಬರು, ಹೆಸರು, ಸೊಂಟ ಮೂವತ್ತನಾಲ್ಕು ಎಂದು ಕೂಗಿ ಬರೆದೆ. ಸಾಲು ತಪ್ಪಲಿಲ್ಲ.

ಹನ್ನೊಂದು ದಿನಗಳ ನಂತರ ಅವಳು ಒಬ್ಬಳೇ ಅಂಗಡಿಗೆ ಬಂದಳು. ಶಾಲೆಯ ಹೊತ್ತು, ಆದರೆ ಬ್ಯಾಗಿಲ್ಲ. ಕಟಿಂಗ್ ಟೇಬಲ್ಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

"ಅಂಕಲ್, ನನ್ನ ಅಳತೆಯಲ್ಲಿ ಒಂದು ಚೇಂಜ್ ಇದೆ. ಸೊಂಟ ಇಪ್ಪತ್ತೆಂಟಕ್ಕೆ ಹೊಲೀರಿ."

ಪುಸ್ತಕ ತೆಗೆದು ನೋಡಿದೆ. "ಮೂವತ್ನಾಲ್ಕಿದೆಯಲ್ಲಮ್ಮ."

"ಗೊತ್ತು. ಆಗಸ್ಟ್ ಹದಿನೈದರೊಳಗೆ ನಾನು ಇಪ್ಪತ್ತೆಂಟಾಗ್ತೀನಿ."

"ವಯಸ್ಸಲ್ಲಿ ಆಗ್ತೀಯ ಬಿಡು, ಇನ್ನು ಹದಿನಾಲ್ಕು ವರ್ಷ ಕಾದ್ರೆ" ಎಂದೆ. ಅವಳು ನಗಲಿಲ್ಲ. ನನ್ನ ಜೀವನದ ಅತ್ಯಂತ ಕೆಟ್ಟ ಹಾಸ್ಯಗಳ ಪಟ್ಟಿ ಉದ್ದವಿದೆ. ಇದು ಅದರಲ್ಲಿ ಮೊದಲನೆಯದು.

ಅಕ್ಕ ಮೆಷಿನ್ ನಿಲ್ಲಿಸಿ ಎದ್ದು ಬಂದರು. "ಮಾಸ್ತರ, ನೀವು ಸುಮ್ನಿರ್ರಿ ಸ್ವಲ್ಪ. ಯವ್ವಾ, ಮುಖ ಯಾಕ ಹಿಂಗ ಬಾಡೇತಿ? ಮುಂಜಾನಿ ಏನು ಉಂಡಿ?"

"ತಿಂದೆ ಆಂಟಿ."

"ಏನು ತಿಂದಿ ಅಂತ ಕೇಳಿದ್ನಿ."

ಅಕ್ಕ ತಮ್ಮ ಡಬ್ಬಿ ತೆರೆದು ರೊಟ್ಟಿ ಮುರಿದು ಕೊಟ್ಟರು. ಹುಡುಗಿ ಅದನ್ನು ಕೈಯಲ್ಲಿ ಹಿಡಿದು ನೋಡಿ, ವಾಪಸು ಡಬ್ಬಿಯೊಳಗಿಟ್ಟಳು. ಅಮ್ಮನಿಗೆ ಡಯಟ್ ಎಂದು ಹೇಳಿದ್ದಾಳಂತೆ. ಯಾವುದೋ ವಿಡಿಯೋದಲ್ಲಿ ಒಬ್ಬಳು ಹೇಳಿಕೊಟ್ಟ ಹಾಗೆ ಮಾಡುತ್ತಿದ್ದಾಳಂತೆ. ಒಂಬತ್ತು ದಿನ ಆಯಿತಂತೆ. ಶಾಲೆಗೆ ನಾಲ್ಕು ದಿನದಿಂದ ಹೋಗಿಲ್ಲ.

"ಯಾಕಮ್ಮ ಇದೆಲ್ಲ? ಒಂದು ನಂಬರಿಗೆ ಏನಿದೆ? ಅದು ಬಟ್ಟೆ ಕತ್ತರಿಸೋಕೆ ಇರೋದು, ಅಷ್ಟೇ" ಎಂದೆ ನಾನು, ಹಿರಿಯನ ಗತ್ತಿನಲ್ಲಿ.

ಅವಳು ನನ್ನನ್ನು ನೋಡಿದಳು. "ನೀವೇ ಕೂಗಿದ್ದಲ್ವಾ ಅಂಕಲ್?"

ಆಮೇಲೆ ಫೋನು ತೆಗೆದು ತೋರಿಸಿದಳು.

ಅದನ್ನು ನಾನು ಪೂರ್ತಿ ನೋಡಿದೆ. ಶಾಲೆಗೆಂದು ತೆಗೆದ ವಿಡಿಯೋವನ್ನು ತುಂಡು ತುಂಡು ಮಾಡಿ, ನನ್ನ ಧ್ವನಿಯ ಕೆಳಗೆ ಡಬ್ಬ ಬಡಿದಂಥ ಒಂದು ಸಂಗೀತ ಸೇರಿಸಿದ್ದರು. ನಾನು ಹೆಸರು ಕೂಗುತ್ತೇನೆ, ಸಂಖ್ಯೆ ಕೂಗುತ್ತೇನೆ, ಆ ಹೆಸರಿನ ಹುಡುಗಿಯ ಮುಖ ಬಂದು ನಿಲ್ಲುತ್ತದೆ, ಪಕ್ಕದಲ್ಲಿ ಅಂಕ. ಮೇಲಿನ ಹತ್ತು, ಕೆಳಗಿನ ಹತ್ತು. ಇವಳು ಕೆಳಗಿನ ಹತ್ತರಲ್ಲಿ ಮೂರನೆಯವಳು. ಅವಳ ಮುಖ ಬಂದಾಗ ನನ್ನ "ಮೂವತ್ತನಾಲ್ಕು" ನಾಲ್ಕು ಸಲ ತಿರುಗಿ ತಿರುಗಿ ಕೇಳುತ್ತದೆ. ಇನ್ನೊಂದು ಭಾಗವೂ ಇತ್ತು: ಯಾವ ಹುಡುಗನ ಪಕ್ಕ ಯಾವ ಹುಡುಗಿ ನಿಂತರೆ ಫೋಟೋ ಹಾಳು ಎಂದು ಜೋಡಿ ಮಾಡಿದ್ದರು. ಕೆಳಗೆ ಅಭಿಪ್ರಾಯಗಳು. ನಕ್ಕವರಲ್ಲಿ ಅರ್ಧ ಹುಡುಗಿಯರೇ. ತಾವು ಪಟ್ಟಿಯಲ್ಲಿಲ್ಲವಲ್ಲ ಎಂಬ ನೆಮ್ಮದಿಯ ನಗು. ಪಟ್ಟಿಯಲ್ಲಿದ್ದ ಇವಳೂ ಒಂದು ನಗುವಿನ ಗುರುತು ಹಾಕಿದ್ದಳು.

ದನದ ಜಾತ್ರೆಯಲ್ಲಿ ಹಲ್ಲು ಎಣಿಸುವವರಿಗೂ ಒಂದು ನಾಚಿಕೆ ಇರುತ್ತದೆ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ದರ ಹೇಳುತ್ತಾರೆ. ಇಲ್ಲಿ ಟವೆಲ್ಲೂ ಇಲ್ಲ. ಹೇಸಿಗೆಯಾಯಿತು. ಹೆಚ್ಚು ಹೇಸಿಗೆಯಾದದ್ದು ಆ ಧ್ವನಿಗೆ; ಎಷ್ಟು ಸ್ಪಷ್ಟವಾಗಿ, ಎಷ್ಟು ಸಂತೋಷದಿಂದ ಕೂಗುತ್ತಿದ್ದೆ ನಾನು.

ಮರುದಿನ ಬೆಳಿಗ್ಗೆ ಶಾಲೆಗೆ ಹೋದೆ. ಪ್ರಿನ್ಸಿಪಾಲ್ ಮೇಡಂ ಕೂರಿಸಿ ಕಾಫಿ ತರಿಸಿದರು. ಕಾಫಿ ಬಂತೆಂದರೆ ಕೆಲಸ ಆಗುವುದಿಲ್ಲವೆಂದು ಅರ್ಥ.

"ನಮ್ಗೆ ಗೊತ್ತಾಯ್ತು ಸರ್. ಡಿಲೀಟ್ ಮಾಡ್ಸಿದೀವಿ."

"ಮಾಡಿದ ಹುಡುಗ?"

"ಅಕೌಂಟಲ್ಲಿ ಹೆಸರಿಲ್ಲ ಸರ್. ಯಾರು ಅಂತ ಹೇಳೋದು? ಈಗ ಇದನ್ನ ದೊಡ್ಡದು ಮಾಡಿದ್ರೆ ಮಕ್ಕಳಿಗೇ ಕಷ್ಟ. ಎರಡು ದಿನ ಆದ್ರೆ ಅವ್ರೇ ಮರೀತಾರೆ."

ಫೋನು ಯಾರ ಕೈಯಲ್ಲಿತ್ತೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೈಗೆ ಕೊಟ್ಟವರು ಯಾರೆಂದೂ ಗೊತ್ತಿತ್ತು. ಕಾಫಿ ಚೆನ್ನಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ವಿಡಿಯೋ ಬೇರೆ ಮೂರು ಕಡೆ ಬಂದಿದೆಯೆಂದು ಅಕ್ಕ ತಮ್ಮ ಫೋನಿನಲ್ಲಿ ತೋರಿಸಿದರು. ಒಂದರಲ್ಲಿ ನನ್ನ ತಲೆಯ ಮೇಲೆ ಕಿರೀಟವಿತ್ತು.

ಅಂದೇ ಸಂಜೆ ಹುಡುಗಿಯ ತಾಯಿ ಬಂದರು. ಅಕ್ಕ ಹುಡುಗಿಯಿಂದ ನಂಬರು ಪಡೆದು ಫೋನ್ ಮಾಡಿ, ಮಗಳು ಉಣ್ಣುತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ತಾಯಿ ಹಿಂದಿನ ಸಂಜೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಬಿಪಿ ಇಳಿದಿದೆ, ಹೀಗೇ ಮುಂದುವರಿದರೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದಿದ್ದಾರೆ ಡಾಕ್ಟರು.

"ಡಯಟ್ ಅಂದ್ಲು ಮಾಸ್ಟ್ರೇ. ನಾನೂ ಒಳ್ಳೇದೇ ಆಯ್ತು ಅಂದ್ಕೊಂಡೆ. ಮದುವೆ ಮನೆಗೆ ಹೋದ್ರೆ ಎಲ್ಲಾ 'ಏನು, ಮಗಳು ತುಂಬ್ಕೊಂಡಿದಾಳೆ' ಅಂತಾರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಸೆರಗಿನಿಂದ ಮೂಗೊರೆಸಿಕೊಂಡು ಒಂದು ಉಪಾಯ ಹೇಳಿದರು. "ಹೊಲಿಯೋದು ನಿಮ್ಮ ಅಳತೆಗೇ ಹೊಲೀರಿ. ಒಳಗೆ ಲೇಬಲ್ ಮೇಲೆ ಮಾತ್ರ ಇಪ್ಪತ್ತೆಂಟು ಅಂತ ಹಾಕ್ಬಿಡಿ. ಹಾಕ್ಕೊಂಡು ನೋಡ್ತಾಳೆ, ಸರಿ ಹೋಗತ್ತೆ, ಊಟ ಮಾಡ್ತಾಳೆ."

ಉಪಾಯ ನನಗೆ ಹಿಡಿಸಿತೆಂದು ಒಪ್ಪಿಕೊಳ್ಳಬೇಕು. ಕಷ್ಟವೇನಿಲ್ಲ, ಲೇಬಲ್ ಹೊಲಿಯಲು ಅರ್ಧ ನಿಮಿಷ. ದೊಡ್ಡ ದೊಡ್ಡ ರೆಡಿಮೇಡ್ ಅಂಗಡಿಗಳಲ್ಲಿ ಸೊಂಟ ಒಂದಿದ್ದರೆ ಲೇಬಲ್ ಇನ್ನೊಂದಿರುತ್ತದೆ, ಗಿರಾಕಿಗೆ ಖುಷಿ. ನಾನು ಹೂಂ ಎನ್ನುವಷ್ಟರಲ್ಲಿ ಅಕ್ಕ ಕತ್ತರಿಯನ್ನು ಟೇಬಲ್ಲಿನ ಮೇಲೆ ಇಟ್ಟರು. ಅವರು ಕತ್ತರಿ ಸದ್ದು ಮಾಡಿ ಇಡುವುದು ಅಪರೂಪ.

"ಬ್ಯಾಡ್ರಿ. ಇಪ್ಪತ್ತೆಂಟು ಆದ್ನಿ ಅಂತ ತಿಳಕೊಂಡ್ರ ಅಕಿ ಏನು ಮಾಡ್ತಾಳ್ರಿ? ಉಪವಾಸ ಫಲ ಕೊಟ್ತು ಅಂತಾಳ. ಮುಂದಿನ ತಿಂಗಳ ಇಪ್ಪತ್ತಾರು ಅಂತಾಳ."

ತಾಯಿ ಹೋಗುವಾಗ, "ಮತ್ತೇನು ಮಾಡೋದಕ್ಕ?" ಎಂದು ಕೇಳಿದರು. ಅಕ್ಕ ಅವರನ್ನು ಬಾಗಿಲ ತನಕ ಕಳಿಸಿ ಬಂದು ಮತ್ತೆ ಕತ್ತರಿ ಎತ್ತಿಕೊಂಡರು.

ಬಟ್ಟೆ ಕತ್ತರಿಸಲು ಶುರುಮಾಡಲೇಬೇಕಾಗಿತ್ತು. ಖಾಕಿ ಕಾಗದದ ಮಾದರಿ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಒಳಗೆ ಎರಡು ಇಂಚು ಬಿಟ್ಟು ಹೊಲಿಯುವುದು ನಮ್ಮ ಅಂಗಡಿಯ ನಿಯಮ. ಹೊರಗೆ ಕಾಣುವುದಿಲ್ಲ, ಬೇಕಾದಾಗ ಬಿಚ್ಚಿದರೆ ಬರುತ್ತದೆ. ಶಾಲೆಯ ಹೊಸ ಸೂಚನೆಯಲ್ಲಿ ಅದನ್ನೂ ತೆಗೆದು ಹಾಕಿದ್ದರು. ಒಳಗೆ ದಪ್ಪವಾಗುತ್ತದೆ, ಲುಕ್ ಬರುವುದಿಲ್ಲವಂತೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಬೆಳೆಯಲು ಜಾಗವಿಲ್ಲದ ಬಟ್ಟೆ. ನಾನು ಎರಡು ಇಂಚು ಬಿಟ್ಟೇ ಗೆರೆ ಎಳೆದೆ. ಲುಕ್ಕು ಬೇಕಾದವರು ಬಟ್ಟೆ ಮಗುಚಿ ನೋಡಿಕೊಳ್ಳಲಿ.

ಆ ಹೊತ್ತಿಗೆ ಬಂದ, ವಿಡಿಯೋ ಮಾಡಿದ ಹುಡುಗ. ಏನೂ ಆಗಿಲ್ಲವೆಂಬಂತೆ ಬೈಕಿನ ಮೇಲೆ ಒರಗುವ ಭಂಗಿಯಲ್ಲಿ ನನ್ನ ಮೆಷಿನ್ನಿಗೆ ಒರಗಿದ.

"ಅಂಕಲ್, ನಂದು ಸ್ಲೀವ್ ಸ್ವಲ್ಪ ಟೈಟಾಗಿ ಇಡಿ. ಬೈಸೆಪ್ಸ್ ಕಾಣ್ಬೇಕು."

"ಇದ್ರೆ ಕಾಣತ್ತಪ್ಪ. ವಿಡಿಯೋ ನೋಡ್ದೆ."

ಒರಗಿದ್ದವನು ನೆಟ್ಟಗಾದ. "ನಾನು ಅಪ್‌ಲೋಡ್ ಮಾಡಿಲ್ಲ ಅಂಕಲ್. ಎಡಿಟ್ ಮಾಡಿ ಗ್ರೂಪಿಗೆ ಹಾಕ್ದೆ ಅಷ್ಟೇ. ಫನ್‌ಗೆ."

"ಡ್ರಮ್ ಬಾರಿಸೋ ಹುಡುಗಿ ಗೊತ್ತಾ ನಿಂಗೆ?"

"ಗೊತ್ತು. ನಮ್ಮ ರೋಡೇ. ಚಿಕ್ಕಂದಿನಿಂದ ಒಂದೇ ಬಸ್ಸು."

"ಮತ್ತೆ? ಗೊತ್ತಿರೋಳಿಗೆ ಯಾಕೆ ಹಿಂಗೆ ಮಾಡ್ದೆ?"

ಅವನು ಹೊರಗಿನ ರಸ್ತೆ ನೋಡುತ್ತ ಹೇಳಿದ: "ಬಸ್ಸಲ್ಲಿ ಅವ್ಳ ಪಕ್ಕ ಕೂರ್ತೀನಿ ಅಂತ ಎಲ್ಲಾ ನಂಗೂ ಅವ್ಳಿಗೂ ಪೇರ್ ಮಾಡ್ತಿದ್ರು ಅಂಕಲ್. 'ಏನ್ ಮಗಾ ನಿನ್ ಟೇಸ್ಟು' ಅಂತ. ರೀಲ್ಸಲ್ಲಿ ಹೇಳ್ತಾರಲ್ಲ, ಹುಡುಗರು ಯಾರ್ ಜೊತೆ ಕಾಣಿಸ್ಕೋತೀವಿ ಅನ್ನೋದೇ ನಮ್ ವ್ಯಾಲ್ಯೂ. ನಂದು ಡೌನ್ ಆಗ್ತಿತ್ತು. ಅದಕ್ಕೆ ಅವ್ಳನ್ನೂ ಲಿಸ್ಟಿಗೆ ಹಾಕ್ದೆ. ಆಮೇಲೆ ಯಾರೂ ಪೇರ್ ಮಾಡ್ಲಿಲ್ಲ."

ಅವನ ಮಾತಿನಲ್ಲಿ ದ್ವೇಷವೇ ಇರಲಿಲ್ಲ. ತರಕಾರಿ ಮಾರುವವನು ಕೊಳೆತ ಟೊಮ್ಯಾಟೊ ಬೇರೆ ಬುಟ್ಟಿಗೆ ಹಾಕಿದೆ ಎನ್ನುವಷ್ಟು ಸಹಜವಾಗಿ ಹೇಳಿದ. ಎಲ್ಲೋ ಕೂತ ಯಾವನೋ ಒಬ್ಬ ದಾಡಿಯವನು ದಿನಾ ಫೋನಿನೊಳಗೆ ಬಂದು ಇವನಿಗೆ ಸ್ನೇಹದ ಮಾರುಕಟ್ಟೆ ದರ ಹೇಳಿಕೊಟ್ಟು ಹೋಗುತ್ತಾನೆ. ಇವನು ಮನೆಪಾಠ ತಪ್ಪದೆ ಮಾಡುತ್ತಾನೆ.

ನನ್ನ ಬಳಿ ಒಂದು ಅಸ್ತ್ರವಿತ್ತು. ಹುಡುಗರ ದಿನ ಇವನ ಅಳತೆ ತೆಗೆದವನು ನಾನೇ. ಬೇರೆಯವರು ಎರಡು ಬನಿಯನ್ ಹಾಕಿದ್ದರೆ ಇವನು ಮೂರು ಹಾಕಿದ್ದ. ಮೂರನೆಯದು ಅಪ್ಪನದಿರಬೇಕು, ಮೊಣಕಾಲಿನ ತನಕ ಬರುವುದನ್ನು ಮಡಚಿ ಪ್ಯಾಂಟಿನೊಳಗೆ ತುರುಕಿದ್ದ. ಇದನ್ನು ಹೊರಗೆ ಬಿಟ್ಟರೆ ಇವನ ವ್ಯಾಲ್ಯೂ ಸಂಜೆಯೊಳಗೆ ಪಾತಾಳಕ್ಕೆ ಇಳಿಯುತ್ತಿತ್ತು. ನಾಲಗೆ ತುದಿಯವರೆಗೂ ಬಂತು. ಆದರೆ ಅದೂ ಒಂದು ಅಳತೆ ಕೂಗುವುದೇ ಆಗಿತ್ತು. "ತೋಳು ಆಮೇಲೆ ನೋಡೋಣ, ಹೋಗು" ಎಂದು ಕಳಿಸಿದೆ.

ಹುಡುಗ ಹೋದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ವಿಡಿಯೋ ಅಳಿಸಲಾಗುವುದಿಲ್ಲ. ಈ ಮಕ್ಕಳಿಗೆ ನೀತಿ ಹೇಳಿ ತಿದ್ದಲೂ ನನ್ನಿಂದಾಗದು. ದಾಡಿಯವನಷ್ಟು ಚೆನ್ನಾಗಿ ಮಾತಾಡಲು ನನಗೆ ಬರುವುದಿಲ್ಲ. ಆದರೆ ಆ ಪಟ್ಟಿ ನಿಂತಿರುವುದು ಒಂದೇ ಕಂಬದ ಮೇಲೆ. ಟೈಲರ್ ಮಾಸ್ಟರ್ ಕೂಗಿದ ಸಂಖ್ಯೆ ಸರಿಯಾದದ್ದು ಎಂಬ ನಂಬಿಕೆಯ ಮೇಲೆ. ನಲವತ್ತು ವರ್ಷ ಕೂತು ಗಳಿಸಿದ ನಂಬಿಕೆ. ಅದನ್ನು ಕೆಡವುವುದು ನನ್ನೊಬ್ಬನ ಕೈಯಲ್ಲಿತ್ತು.

ಡ್ರಾಯರಿನಿಂದ ಟೇಪು ತೆಗೆದೆ. ಅಳತೆಗೆಂದೇ ತಂದಿದ್ದ ಹೊಸ ಟೇಪು. ತುದಿಯ ತಗಡು ಇನ್ನೂ ಹೊಳೆಯುತ್ತಿತ್ತು. ದೊಡ್ಡ ಕತ್ತರಿಯಿಂದ ಎರಡನೇ ಗೆರೆಯ ಮೇಲೆ ಕತ್ತರಿಸಿದೆ. ಎರಡು ಇಂಚಿನ ತುಂಡು ಚಿಂದಿಯ ಮೇಲೆ ಬಿತ್ತು.

"ಏನ್ ಮಾಡಾಕತ್ತೀರಿ ಮಾಸ್ತರ?" ಅಕ್ಕನ ಧ್ವನಿಯಲ್ಲಿ ನಿಜವಾದ ಗಾಬರಿಯಿತ್ತು. ಟೇಪು ಕತ್ತರಿಸುವ ಟೈಲರನ್ನು ಅವರು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಹೇಳಿದೆ. ಟೇಪಿನ ತುದಿ ಮೊದಲೇ ಹರಿದಿತ್ತು, ನೋಡಿಕೊಳ್ಳಲಿಲ್ಲ, ಅಂದಿನ ಅಳತೆಗಳೆಲ್ಲ ತಪ್ಪು ಎಂದು ಶಾಲೆಯಲ್ಲಿ ಎಲ್ಲರೆದುರು ಹೇಳುತ್ತೇನೆ.

ಅಕ್ಕ ಚಿಂದಿಯ ಮೇಲೆ ಬಿದ್ದ ತುಂಡನ್ನು ಹೆಕ್ಕಿ ನೋಡಿದರು. ಹುಡುಗಿಯರ ದಿನ ಟೇಪು ಹಿಡಿದ ಕೈ ಅವರದು. "ನನ್ನ ಕೈ ತಪ್ಪು ಅಂತ ಹೇಳಬ್ಯಾಡ್ರಿ. ಟೇಪಿನ ತಪ್ಪು ಅಂತ ಹೇಳ್ರಿ. ಮತ್ತ ನಾ ಸುಳ್ಳು ಹೇಳಾಕಿ ಅಲ್ಲ, ಮೊದಲ ಹೇಳಿರ್ತೀನಿ. ನೀವು ಹೇಳ್ರಿ, ನಾ ಬಾಜೂಕ ನಿಂದರ್ತೀನಿ."

"ನನ್ನ ವೃತ್ತಿಯಲ್ಲಿ ಇದೇ ಮೊದಲ ಸುಳ್ಳು ಅಕ್ಕ."

"ದಿನಾ 'ನಾಳೆ ಕೊಡ್ತೀನಿ' ಅಂತೀರಲ್ರಿ ಗಿರಾಕಿಗೆ, ಅದೇನು?"

ಎರಡನೆಯ ಸುಳ್ಳು ಎಂದು ತಿದ್ದಿಕೊಂಡೆ.

ಪ್ರಿನ್ಸಿಪಾಲ್ ಮೇಡಂಗೆ ಹೇಳಿದಾಗ ಅವರ ಮುಖ ಬಿಳಿಚಿತು. ಟೇಪು ತೋರಿಸಿದೆ. ಈ ಸಲ ಕಾಫಿ ಬರಲಿಲ್ಲ.

"ಇಷ್ಟು ವರ್ಷದಿಂದ ನಿಮ್ಮನ್ನ ನಂಬಿದೀವಿ ಸರ್. ಬೇಸಿಕ್ ಟೇಪ್ ನೋಡ್ಕೊಳ್ಳಲ್ವಾ?"

"ತಪ್ಪಾಯ್ತು ಮೇಡಂ. ಮಕ್ಕಳಿಗೆ ನಾನೇ ಹೇಳ್ತೀನಿ. ಇನ್ನೊಂದ್ಸಲ ಅಳತೆ ತೆಗೀತೀನಿ. ಪೆರೇಡಿಗೆ ಬಟ್ಟೆ ಕೊಡ್ತೀನಿ."

ಸೋಮವಾರದ ಪ್ರಾರ್ಥನೆಯಲ್ಲಿ ನಿಂತೆ. ಎದುರಿಗೆ ಮುನ್ನೂರಕ್ಕೂ ಹೆಚ್ಚು ಮಕ್ಕಳು. ಡ್ರಮ್ಮಿನ ಹುಡುಗಿಯನ್ನು ಅವಳ ತಾಯಿ ಕೈಹಿಡಿದು ಕರೆತಂದಿದ್ದರು. ಮಾಸ್ಟ್ರು ಏನೋ ಹೇಳ್ತಾರಂತೆ, ಕೇಳಿಸ್ಕೊಂಡು ಬಾ ಎಂದಷ್ಟೇ ಹೇಳಿದ್ದರಂತೆ. ಕೊನೆಯ ಸಾಲಿನಲ್ಲಿ ನೆಲ ನೋಡುತ್ತ ನಿಂತಿದ್ದಳು. ನಾನು ಟೇಪು ಎತ್ತಿ ಹಿಡಿದು, ಅದು ಎರಡರಿಂದ ಶುರುವಾಗುವುದನ್ನು ತೋರಿಸಿದೆ. ಕಣ್ಣು ಮೊದಲಿನಂತಿಲ್ಲ, ವಯಸ್ಸಾಯಿತು, ನೋಡಿಕೊಳ್ಳಲಿಲ್ಲ. ಆ ದಿನ ನಾನು ಕೂಗಿದ ಒಂದು ಸಂಖ್ಯೆಯೂ ಸರಿಯಿಲ್ಲ, ಕ್ಷಮಿಸಿ ಎಂದೆ. ಸಾಲುಗಳಲ್ಲಿ ಗುಜುಗುಜು ಎದ್ದಿತು. ಭಾಷಣ ಚೆನ್ನಾಗಿಯೇ ಆಯಿತೆಂದು ನನಗೆ ಅನ್ನಿಸುವಷ್ಟರಲ್ಲಿ ಹತ್ತನೇ ಕ್ಲಾಸಿನ ಸಾಲಿನಿಂದ ಕೈ ಎದ್ದಿತು. ಮೂರು ಬನಿಯನ್ನಿನವನೇ.

"ಅಂಕಲ್, ಹಂಗಾದ್ರೆ ಎಲ್ಲರದ್ದೂ ಎರಡೆರಡು ಮೈನಸ್ ಮಾಡಿದ್ರೆ ಆಯ್ತಲ್ವಾ? ಲಿಸ್ಟ್ ಹಂಗೇ ಇರತ್ತೆ."

ನಲವತ್ತು ವರ್ಷ ಅಂಕಿಗಳ ಜೊತೆ ಬದುಕಿದವನಿಗೆ ಇದು ಹೊಳೆದಿರಲಿಲ್ಲ. ಕೊನೆಯ ಸಾಲಿನ ಹುಡುಗಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಪಕ್ಕದಿಂದ ಅಕ್ಕನ ಧ್ವನಿ ಬಂತು. "ಟೇಪು ಎರಡಿದ್ವು ತಮ್ಮಾ. ಒಂದು ನೆಟ್ಟಗಿತ್ತು, ಒಂದು ಹರದಿತ್ತು. ಯಾರಿಗೆ ಯಾವುದು ಹ್ವಾದ್ವೋ ಆ ದೇವರಿಗೇ ಗೊತ್ತು. ನಿಂದೂ ಹರಕು ಟೇಪಿನಾಗ ಬಂದಿರಬೇಕು ನೋಡು, ನೋಡಾಕ ಅಷ್ಟು ಕಾಣಂಗಿಲ್ಲ."

ಇಡೀ ಮೈದಾನ ನಕ್ಕಿತು. ಸುಳ್ಳು ಹೇಳಾಕಿ ಅಲ್ಲ ಎಂದಿದ್ದ ಅಕ್ಕ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ನಿಂತಿದ್ದರು. ನಾನು ಒಂದೇ ಒಂದು ಮಾತು ಸೇರಿಸಿದೆ: ಮತ್ತೆ ಅಳತೆಗೆ ಬರುವಾಗ ಹುಡುಗರೆಲ್ಲ ಒಳಗೆ ಒಂದೇ ಬನಿಯನ್ ಹಾಕಿಕೊಂಡು ಬನ್ನಿ. ಇಪ್ಪತ್ತು ಮೂವತ್ತು ಹುಡುಗರು ಒಟ್ಟಿಗೆ ತಮ್ಮ ಬೂಟು ನೋಡಿಕೊಂಡರು.

ಅಂದು ಮಧ್ಯಾಹ್ನದೊಳಗೆ ಹೊಸ ವಿಡಿಯೋ ಬಂತು. ನಾನೇ ನಾಯಕ. ಕುರುಡನ ಕೋಲಿನಂತೆ ಟೇಪು ಹಿಡಿಸಿದ್ದರು. "ಹರಕು ಟೇಪ್ ತಾತ" ಎಂದು ಬಿರುದು ಕೊಟ್ಟಿದ್ದರು. ಆನೆಯ ಸೊಂಟ ಇಪ್ಪತ್ತು, ಇರುವೆಯ ಸೊಂಟ ಐವತ್ತು ಎಂದು ನನ್ನ ಧ್ವನಿಯಲ್ಲೇ ಹೇಳಿಸಿದ್ದರು. ಹೇಗೆ ಹೇಳಿಸಿದರೋ ತಿಳಿಯದು. ಹಳೆಯ ಪಟ್ಟಿಯ ಕೆಳಗೆ ಈಗ ಹೊಸ ಅಭಿಪ್ರಾಯಗಳು: "ಆ ತಾತಂಗೆ ಕಣ್ಣೇ ಕಾಣಲ್ಲ ಗುರು, ಬಿಡು." ಯಾರಿಗೂ ಬುದ್ಧಿ ಬರಲಿಲ್ಲ, ಯಾರೂ ನಾಚಿಕೊಳ್ಳಲಿಲ್ಲ. ನಗಲು ಬೇರೊಂದು ದೇಹ ಸಿಕ್ಕಿತು, ಅಷ್ಟೇ. ಈ ದೇಹಕ್ಕೆ ಅರವತ್ತಮೂರು ವರ್ಷ. ಸಂಜೆ ಎರಡು ವಡೆ ಹೆಚ್ಚಿಗೇ ತಿಂದಿತು.

ಎರಡನೇ ಸಲದ ಅಳತೆಗೆ ಪದ್ಧತಿ ಬದಲಿಸಿದೆವು. ಪರದೆಯೊಳಗೆ ಟೇಪು ಹಿಡಿಯುವವರೇ ಚೀಟಿಯಲ್ಲಿ ಬರೆದು, ಮಡಚಿ, ಕ್ರಮಸಂಖ್ಯೆ ಹಾಕಿ ಡಬ್ಬಿಗೆ ಹಾಕುವುದು. ಹೆಸರುಗಳ ಪಟ್ಟಿ ಅಕ್ಕನ ಬಳಿ ಮಾತ್ರ. ಕೂಗುವುದಿಲ್ಲ. ಫೋನಿಗೆ ಪ್ರವೇಶವಿಲ್ಲ. ಕತ್ತರಿಸುವ ನನಗೆ ಯಾವ ಚೀಟಿ ಯಾರದೆಂದು ತಿಳಿಯುವುದಿಲ್ಲ. ಸಾಲು ತಪ್ಪುವ ಭಯವಿತ್ತು. ಅದಕ್ಕೆ ಅಕ್ಕ ಪ್ರತಿ ಚೀಟಿಯ ಸಂಖ್ಯೆಯನ್ನು ಮಗುವಿನ ಅಂಗೈಯಲ್ಲೂ ಪೆನ್ನಿನಿಂದ ಬರೆದು, ತರಗತಿಗೆ ಹೋಗುವ ಮುಂಚೆ ಪಟ್ಟಿಯ ಜೊತೆ ತಾಳೆ ನೋಡಿದರು. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ನನಗೆ ಹೊಳೆಯದಿದ್ದುದಕ್ಕೆ ಕಾರಣ ನನ್ನ ಧ್ವನಿಯ ಮೇಲೆ ನನಗಿದ್ದ ಪ್ರೀತಿ.

ಡ್ರಮ್ಮಿನ ಹುಡುಗಿ ಸಾಲಿನ ಕೊನೆಯಲ್ಲಿ ಬಂದಳು. ನನ್ನ ಮೇಜಿನ ಮುಂದೆ ನಿಂತು ಮೆಲ್ಲಗೆ ಕೇಳಿದಳು.

"ಅಂಕಲ್, ನಿಜವಾಗ್ಲೂ ಟೇಪ್ ಹರಿದಿತ್ತಾ?"

"ನೋಡಿದ್ಯಲ್ಲಮ್ಮ."

"ಕತ್ತರಿಸಿದ ಹಂಗಿತ್ತು. ನೀಟಾಗಿ."

ನಾನು ಪುಸ್ತಕದಲ್ಲಿ ಏನೋ ಹುಡುಕಿದೆ. ಸರದಿ ಬರುವ ತನಕ ಅವಳ ಬೆರಳುಗಳು ಮೇಜಿನ ಅಂಚಿನಲ್ಲಿ ಒಂದೆರಡು ಸಲ ಆಡಿದವು, ಪೆನ್ಸಿಲಿಲ್ಲದೆ. ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗುವುದು ಇನ್ನೂ ಇದೆ ಎಂದು ಅವಳ ತಾಯಿ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿರುತ್ತಾರೆ. ಒಂದು ದಿನ ಎರಡು ಚಪಾತಿ, ಒಂದು ದಿನ ಅರ್ಧ. ಪಟ್ಟಿ ಮಾಡಿದ ಹುಡುಗ ಒಂದೇ ಬನಿಯನ್ನಿನಲ್ಲಿ ಬಂದು, ಮಾತಾಡದೆ ಅಳತೆ ಕೊಟ್ಟು ಹೋದ. ಬಸ್ಸಿನಲ್ಲಿ ಎಲ್ಲಿ ಕೂರುತ್ತಾನೋ ನಾನು ವಿಚಾರಿಸಲಿಲ್ಲ.

ಆಗಸ್ಟ್ ಹನ್ನೆರಡಕ್ಕೆ ಮುನ್ನೂರ ಎಂಬತ್ತಾರು ಜೊತೆ ಬಟ್ಟೆಯನ್ನು, ಒಳಗೆ ಎರಡೆರಡು ಇಂಚು ಬಿಟ್ಟು, ಶಾಲೆಗೆ ತಲುಪಿಸಿದೆವು. ಟೇಪಿನ ಮೇಲೆ ಗಮನವಿಲ್ಲದ ಟೈಲರು ಬೇಡವೆಂದು ಶಾಲೆ ಮುಂದಿನ ವರ್ಷದ ಯೂನಿಫಾರ್ಮನ್ನು ರೆಡಿಮೇಡ್ ಕಂಪನಿಯೊಂದಕ್ಕೆ ಒಪ್ಪಿಸಿತು. ಸೊಂಟ ಸಡಿಲ, ಸೊಂಟ ಬಿಗಿ ಎಂದು ಆಲ್ಟರೇಷನ್ನಿಗೆ ಹನ್ನೊಂದು ಜೊತೆ ವಾಪಸು ಬಂದವು. ಡ್ರಮ್ ಬಾರಿಸುವ ಹುಡುಗಿಯದು ಅವುಗಳಲ್ಲಿ ಇರಲಿಲ್ಲ.